ರಷ್ಯಾದವನು ಸುಟ್ಟ ಲಂಕೆ

ಅಪ್ಪ ಇವತ್ತು ಗೋಡೌನಿಗೆ ಬರದ ಹಾಗೆ ತಡೆಯಲು ಡ್ರಾಯಿಂಗ್ ಮೇಷ್ಟ್ರು ಕೋದಂಡಪ್ಪ ಹಾಸಿಗೆಯಿಂದ ಏಳುವ ಮೊದಲೇ ಮೂರು ನೆಪ ಹೊಂದಿಸಿಟ್ಟುಕೊಂಡಿದ್ದ. ಮೇ ತಿಂಗಳ ಬಿಸಿಲು ಒಂದು, ಬಣ್ಣ ಕಲಸಲು ಕಾಯಿಸಿದ ಅಂಟಿನ ನಾತ ಎರಡು, ಭಾನುವಾರ ಜಟಕಾ ಸಿಗುವುದಿಲ್ಲ ಎನ್ನುವುದು ಮೂರು. ಮೂರನ್ನೂ ಮುದುಕ ಕಾಫಿ ಲೋಟ ಕೆಳಗಿಡುವುದರೊಳಗೆ ಮುಗಿಸಿಬಿಟ್ಟ. “ಬಿಸಿಲಾ? ಮೂವತ್ತು ವರ್ಷ ಬಿಸಿಲಿನ ಮಕ ಕಾಣ್ದೆ ಗಣಿ ಒಳ್ಗೆ ಗೇದೋನು ಕಣ್ಲಾ ನಾನು. ಇನ್ನು ನಿನ್ ಅಂಟಿನ ನಾತ. ಸಿಡಿಮದ್ದಿನ ಒಗೆ ಕುಡ್ದಿರೋ ಎದೆ ಇದು, ಅದೇನ್ ಮಾಡ್ತದೆ ನಂಗೆ? ಜಟಕಾಕ್ಕೆ ಆಗ್ಲೇ ಏಳಿ ಕಳ್ಸಿದ್ದೀನಿ.” ಸೊಸೆ ಆದಿಲಕ್ಷ್ಮಮ್ಮ ಒಲೆಯ ಮುಂದೆ ಕುಳಿತು ಸೆರಗಿನಲ್ಲಿ ನಗುತ್ತಿದ್ದಳು. ಅವಳು ಯಾವಾಗಲೂ ಮಾವನ ಪಕ್ಷ. ಮುದುಕ ಕದಿರಪ್ಪ ಆಗಲೇ ಸ್ನಾನ ಮುಗಿಸಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಗಿಡ್ಡಗಾದ ಎಡಗಾಲನ್ನು ಮುಂದೆ ಚಾಚಿಕೊಂಡು, ಮದುವೆಗೆ ಹೊರಟವನ ಹಾಗೆ ಜಗುಲಿಯ ಮೇಲೆ ಕುಳಿತಿದ್ದ. ಮಗ ಬರೆದ ನಾಟಕದ ಪರದೆ ನೋಡಬೇಕು, ಅಷ್ಟೇ ಅವನಿಗೆ. ಅಷ್ಟೇ ತಾನೇ ಎಂದು ಬೇರೆಯವರು ಅಂದುಕೊಳ್ಳಬಹುದು. ಆ ಪರದೆಯ ಬಲಗಡೆ ಕೆಳಭಾಗದಲ್ಲಿ ಯಾರ ಮುಖ ಇದೆ ಎಂಬುದು ಕೋದಂಡಪ್ಪನಿಗೆ ಮಾತ್ರ ಗೊತ್ತಿತ್ತು. ಅದನ್ನು ಅಪ್ಪ ನೋಡಿಬಿಟ್ಟರೆ ನಾಳೆಯಿಂದ ಅವನ ಎದುರು ಕುಳಿತು ಮುದ್ದೆ ನುಂಗುವುದು ಹೇಗೆ ಎಂದು ತಿಂಗಳಿಂದ ನಿದ್ದೆ ಕೆಟ್ಟಿತ್ತು.

ಪರದೆ ಬರೆಸಿದವನು ಬಚ್ಚಪ್ಪ. ಕಾಮಸಮುದ್ರದ ಕಡೆ ಒಂದು ಹಳ್ಳಿಯಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಮಾರುವವನು, ವರ್ಷಕ್ಕೊಮ್ಮೆ ರಾವಣ. ಫೆಬ್ರವರಿಯಲ್ಲಿ ಸ್ಕೂಲಿನ ಹತ್ತಿರವೇ ಬಂದು, ಮಕ್ಕಳ ಎದುರಿಗೇ, “ಮೇಷ್ಟ್ರೇ, ಲಂಕೆ ಸುಡೋ ಸೀನಿಗೆ ನಮ್ದು ಅಂತ ಒಂದು ಪರದೆ ಬೇಕು. ಬಾಡ್ಗೆ ಪರದೆ ಸಾಕಾಗೋಯ್ತು. ಓದ ಸಲ ಲಂಕೆ ಸುಡೋವಾಗ ಇಂದೆ ಮೈಸೂರು ಅರಮನೆ ಇತ್ತು ಸಾಮಿ, ಜನ ನಕ್ಕುಬುಟ್ರು” ಎಂದಿದ್ದ. ಕೋದಂಡಪ್ಪ ಒಪ್ಪಿಕೊಂಡ. ಒಪ್ಪಿಕೊಳ್ಳುವಾಗ ಅವನ ಕಣ್ಣಿನ ಮುಂದೆ ಬಂದದ್ದು ಲಂಕೆಯಲ್ಲ, ಟ್ರಂಕಿನ ತಳದಲ್ಲಿ ಮಡಿಸಿಟ್ಟಿದ್ದ ಒಂದು ಬಣ್ಣದ ಹಾಳೆ. ಬೆಂಗಳೂರಿನ ಒಂದು ಪುಸ್ತಕದ ಮಳಿಗೆಯಲ್ಲಿ ಸೋವಿಯತ್ ದೇಶದ ಸಚಿತ್ರ ಪತ್ರಿಕೆಯೊಂದರ ನಡುವಿನ ಹಾಳೆಯಾಗಿ ಅದು ಸಿಕ್ಕಿತ್ತು. ನೂರಾಮೂವತ್ತು ವರ್ಷದ ಹಿಂದೆ ಒಬ್ಬ ರಷ್ಯಾದ ಚಿತ್ರಗಾರ, ಅವನ ಹೆಸರು ಕೋದಂಡಪ್ಪನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ, ಇಟಲಿಗೆ ಹೋಗಿ ವರ್ಷಗಟ್ಟಲೆ ಕುಳಿತು ಬರೆದ ಚಿತ್ರ. ಎರಡು ಸಾವಿರ ವರ್ಷದ ಹಿಂದಿನ ಪಾಂಪೇ ಎಂಬ ಊರು, ಹಿಂದೆ ಬೆಂಕಿ ಕಾರುವ ಬೆಟ್ಟ, ಆಕಾಶವೆಲ್ಲ ಕೆಂಪು, ಕಟ್ಟಡದ ಮೇಲಿನ ಕಲ್ಲಿನ ದೇವರುಗಳು ಮುಗ್ಗರಿಸಿ ಕೆಳಗೆ ಬೀಳುತ್ತಿವೆ. ಕೆಳಗೆ ಜನ. ಇಬ್ಬರು ಹೆಣ್ಣುಮಕ್ಕಳನ್ನು ಅವುಚಿಕೊಂಡ ತಾಯಿ. ರಥದಿಂದ ಬಿದ್ದು ಸತ್ತ ಹೆಂಗಸು, ಅವಳ ಪಕ್ಕದಲ್ಲಿ ಇನ್ನೂ ಬದುಕಿರುವ ಕೂಸು. ಮುದುಕ ತಂದೆಯನ್ನು ಎತ್ತಿಕೊಂಡು ಓಡುವ ಇಬ್ಬರು ಗಂಡುಮಕ್ಕಳು. ಹೊಸಬಟ್ಟೆ ಉಟ್ಟಂತೆ ಎಲ್ಲರ ಮೈಮೇಲೂ ಮಿಂಚಿನ ಬೆಳಕು.

ಪತ್ರಿಕೆಯಲ್ಲಿ ಬರೆದಿತ್ತು, ಆ ರಷ್ಯಾದವರ ಅಕಾಡೆಮಿಯಲ್ಲಿ ಹುಡುಗರಿಗೆ ಮೊದಲು ವರ್ಷಗಟ್ಟಲೆ ಗ್ರೀಕರ ಸುಣ್ಣದ ಬೊಂಬೆಗಳನ್ನೇ ಬರೆಸುತ್ತಿದ್ದರಂತೆ. ಕಿಟಕಿಯ ಆಚೆ ಮಂಡಿಯುದ್ದ ಹಿಮ, ಒಳಗೆ ಬರೀ ಮೈಯ ಅಪೊಲೋ ದೇವರು. ಚೆನ್ನಾಗಿ ಬರೆದವನನ್ನು ರೋಮಿಗೆ ಕಳಿಸುತ್ತಿದ್ದರಂತೆ, ಹೋಗಿ ಹಳೇ ಕಾಲವನ್ನು ನೋಡಿಕೊಂಡು ಬಾ ಎಂದು. ಇದನ್ನು ಓದಿದಾಗ ಕೋದಂಡಪ್ಪನಿಗೆ ಅಸೂಯೆಯೂ ಆಯಿತು, ಒಳಗೊಳಗೆ ನಗುವೂ ಬಂತು. ಅವನೂ ಒಂದು ಸುಣ್ಣದ ತಲೆ ಬರೆದಿದ್ದ. ಡ್ರಾಯಿಂಗ್ ಮೇಷ್ಟ್ರ ಪರೀಕ್ಷೆಗೆ ಬೆಂಗಳೂರಿಗೆ ಹೋದಾಗ ಮೇಜಿನ ಮೇಲೆ ಗುಂಗುರು ಕೂದಲಿನ ಒಂದು ತಲೆ ಇಟ್ಟಿದ್ದರು. ಎಲ್ಲರೂ ಬರೆಯಲು ಶುರುಮಾಡಿದರೆ ಇವನು ಎದ್ದುನಿಂತು, “ಇವರು ಯಾರು ಸಾರ್?” ಎಂದು ಕೇಳಿದ. ಯಾರು ಎಂದು ಗೊತ್ತಿಲ್ಲದೆ ಒಬ್ಬರ ಮುಖ ಬರೆಯುವುದು ಹೇಗೆ? ಇಡೀ ಕೋಣೆ ನಕ್ಕಿತು. ಸಂಜೆ ಪರೀಕ್ಷಕರು ಹಾಳೆಯನ್ನು ದೂರ ಹಿಡಿದು ನೋಡಿ, “ಏನಯ್ಯಾ, ಇದು ಗ್ರೀಕರ ಮೂಗಲ್ಲ, ಕೋಲಾರದ ಮೂಗು” ಎಂದರು. ನೋಡಿದರೆ ಹೌದು, ಅಪ್ಪನ ಮೂಗು ಬಂದು ಕುಳಿತಿತ್ತು, ತುದಿಯಲ್ಲಿ ಸ್ವಲ್ಪ ದಪ್ಪ, ನಡುವೆ ಏರು. ಆದರೂ ಪಾಸು ಮಾಡಿದರು ಪುಣ್ಯಾತ್ಮರು. ಇದನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹಿಮದ ದೇಶದವನು ಇಟಲಿಯ ಬೆಂಕಿ ಬರೆಯಬಹುದಾದರೆ ಬಂಗಾರಪೇಟೆಯವನು ಅದೇ ಬೆಂಕಿಯಲ್ಲಿ ಲಂಕೆ ಸುಟ್ಟರೆ ಯಾರ ಗಂಟೇನು ಹೋಗುತ್ತದೆ ಎಂದು ಅವನು ತನಗೆ ತಾನೇ ಧೈರ್ಯ ಹೇಳಿಕೊಂಡಿದ್ದ.

ಬರೆಯುವ ಕ್ರಮ ಅವನಿಗೆ ಗೊತ್ತಿದ್ದದ್ದು ಒಂದೇ, ಚೌಕದ ಕ್ರಮ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಚೌಕ, ಬಟ್ಟೆಯ ಮೇಲೆ ಇದ್ದಿಲಿನಲ್ಲಿ ದೊಡ್ಡ ದೊಡ್ಡ ಚೌಕ. ಈ ಚೌಕದಲ್ಲಿ ಇರುವುದನ್ನು ಆ ಚೌಕಕ್ಕೆ ಇಳಿಸು, ಮುಂದಿನದಕ್ಕೆ ಹೋಗು. ಸ್ಟೇಷನ್ ಹಿಂದಿನ ಕಡಲೆಕಾಯಿ ಗೋಡೌನು ಬೇಸಿಗೆಯಲ್ಲಿ ಖಾಲಿ. ಅಲ್ಲಿ ನೆಲಕ್ಕೆ ಬಟ್ಟೆ ಹಾಸಿಕೊಂಡು ಭಾನುವಾರಗಳಲ್ಲೆಲ್ಲ ಅವನು ಮಂಡಿಯೂರಿ ಬರೆದ. ರೋಮಿನ ಹೆಂಗಸರಿಗೆ ಕುಂಕುಮ ಇಟ್ಟ, ಬಳೆ ತೊಡಿಸಿದ. ಸಿಪಾಯಿಯ ಟೊಪ್ಪಿಗೆಯನ್ನು ಕಿರೀಟ ಮಾಡಿದ. ಬೀಳುತ್ತಿದ್ದ ಬೊಂಬೆಗಳನ್ನು ದ್ವಾರಪಾಲಕರನ್ನಾಗಿ ಮಾಡಿ, ಬೆಟ್ಟದ ಮುಂದೆ ಒಂದು ಗೋಪುರ ನಿಲ್ಲಿಸಿದ. ಎಲ್ಲ ಸಲೀಸಾಗಿ ನಡೆಯಿತು, ಎಡಗಡೆಯ ಒಂದು ಸಾಲಿನ ಚೌಕಗಳಿಗೆ ಬರುವ ತನಕ. ಅಲ್ಲಿ, ಓಡುವ ಜನರ ನಡುವೆ, ತಲೆಯ ಮೇಲೆ ಬಣ್ಣದ ಪೆಟ್ಟಿಗೆ ಹೊತ್ತುಕೊಂಡ ಒಬ್ಬ ಚಿಕ್ಕ ವಯಸ್ಸಿನವನಿದ್ದಾನೆ. ಅವನು ಚಿತ್ರಗಾರನೇ, ತನ್ನ ಮುಖವನ್ನೇ ಅಲ್ಲಿ ಬರೆದುಕೊಂಡಿದ್ದಾನೆ ಎಂದು ಪತ್ರಿಕೆ ಹೇಳಿತ್ತು. ಬೇರೆಯವರು ಅಪ್ಪನನ್ನು, ಅಮ್ಮನನ್ನು, ಮಕ್ಕಳನ್ನು ಹೊತ್ತಿದ್ದಾರೆ. ಅವನು ಪೆಟ್ಟಿಗೆ ಹೊತ್ತಿದ್ದಾನೆ. ಮೂರು ಭಾನುವಾರ ಕೋದಂಡಪ್ಪ ಆ ಚೌಕಗಳ ಮುಂದೆ ಕುಂಚ ಹಿಡಿದು ಕುಳಿತು, ಎದ್ದು, ಬೀಡಿ ಸೇದಿ ಬಂದು, ಮತ್ತೆ ಕುಳಿತ. ಕೊನೆಗೆ ಆ ಸಾಲನ್ನು ಹಾಗೇ ಬಿಟ್ಟು ಮುಂದಕ್ಕೆ ಹೋದ.

ಹನ್ನೆರಡು ವರ್ಷದ ಹಿಂದಿನ ಮಾತು, ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಗಾರರಿಗೆ ಕಟ್ಟಿದ ಮೈಸೂರು ಮೈನ್ಸಿನ ಲೈನ್ ಮನೆ. ಅಪ್ಪನ ಕಾಲಿನ ಮೇಲೆ ಗಣಿಯೊಳಗೆ ಮರದ ದಿಮ್ಮಿ ಬಿದ್ದು ಮೂಳೆ ಮುರಿದು, ಸೊಂಟದವರೆಗೆ ಕಟ್ಟು ಹಾಕಿ ಮನೆಗೆ ಕಳಿಸಿದ್ದರು. ಹಿತ್ತಿಲ ಕೋಣೆಯಲ್ಲಿ ಮಂಚದ ಮೇಲೆ ಅಂಗಾತ ಮಲಗಿ ಅಪ್ಪ ಛಾವಣಿಯ ತಗಡಿಗೆ ಬೈಯುತ್ತಿದ್ದ. ಕೋದಂಡಪ್ಪನಿಗೆ ಆಗ ಇಪ್ಪತ್ತೈದು, ಪರೀಕ್ಷೆಗೆ ಇನ್ನು ಹತ್ತು ದಿನ. ಬಾಗಿಲ ಹತ್ತಿರ ಹಿತ್ತಾಳೆ ಚೊಂಬು ಇಟ್ಟುಕೊಂಡು ಅದರ ಹೊಳಪನ್ನು ಬರೆಯುತ್ತಿದ್ದ. ಬಣ್ಣದ ಪೆಟ್ಟಿಗೆ ಅಪ್ಪನೇ ತಂದುಕೊಟ್ಟದ್ದು, ಆ ವರ್ಷ ಹಬ್ಬಕ್ಕೆ ತನಗೆ ಬಟ್ಟೆ ಬೇಡ ಎಂದು ಹೇಳಿ. ಹಗಲು ಹನ್ನೊಂದು ಗಂಟೆ ಇರಬಹುದು, ಮೊದಲು ಅಟ್ಟದ ಮೇಲಿನ ಪಾತ್ರೆಗಳು ಗಲಗಲ ಅಂದವು. ಆಮೇಲೆ ಕೆಳಗಿನಿಂದ ಯಾರೋ ನೆಲವನ್ನು ಗುದ್ದಿದರು. ಏರ್‌ಬ್ಲಾಸ್ಟ್ ಎಂದು ಮೈನ್ಸಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಗಳು ಅದುರುತ್ತವೆ. ಆದರೆ ಆವತ್ತಿನಂಥದ್ದನ್ನು ಯಾರೂ ಕಂಡಿರಲಿಲ್ಲ. ಗೋಡೆ ಮೂಲೆಯಿಂದ ಮೂಲೆಗೆ ಸೀಳಿಕೊಂಡಿತು, ಮಣ್ಣು ಸುರಿಯಿತು. ಮುಂದೆ ತಾನು ಹೇಗೆ ಓಡಿದೆ ಎಂಬುದು ಕೋದಂಡಪ್ಪನಿಗೆ ನೆನಪಿಲ್ಲ, ಎಲ್ಲಿ ನಿಂತಿದ್ದೆ ಎಂಬುದು ಮಾತ್ರ ನೆನಪಿದೆ. ಹೊರಗೆ, ರಸ್ತೆಯ ಆಚೆ, ಹುಣಸೆಮರದ ಕೆಳಗೆ ಅವನು ನಿಂತಿದ್ದ, ತಲೆಯ ಮೇಲೆ ಪೆಟ್ಟಿಗೆ ಇತ್ತು. ಎರಡನೇ ಸಲ ನೆಲ ಅದುರಿತು. ಪಕ್ಕದ ಮನೆಯ ವೆಂಕಟರಾಮಪ್ಪನೂ ಇನ್ನೊಬ್ಬನೂ ಒಳಗೆ ನುಗ್ಗಿ ಮಂಚದ ಸಮೇತ ಅಪ್ಪನನ್ನು ಹೊತ್ತು ತಂದರು. ಹೊಸಿಲು ದಾಟಿದ ಮೇಲೆ ಹಿತ್ತಿಲ ಗೋಡೆ ಬಿತ್ತು. ನಲ್ಲಿಯ ಹತ್ತಿರದಿಂದ ಓಡಿಬಂದ ಹೆಂಗಸರಲ್ಲಿ ಒಬ್ಬಳು ಇವನನ್ನು ಮೇಲೆ ಕೆಳಗೆ ನೋಡಿ, “ಏನಪ್ಪಾ, ಪೆಟ್ಟಿಗೆ ಉಷಾರಾ?” ಎಂದು ಕೇಳಿದಳು. ಅದರ ಬಗ್ಗೆ ಅಪ್ಪ ಒಂದು ಮಾತು ಆಡಲಿಲ್ಲ. ಆವತ್ತೂ ಆಡಲಿಲ್ಲ, ಹನ್ನೆರಡು ವರ್ಷವಾಯಿತು, ಇವತ್ತಿನವರೆಗೂ ಆಡಿಲ್ಲ. ಕೋದಂಡಪ್ಪನನ್ನು ತಿಂದದ್ದು ಇನ್ನೊಂದು. ತಾನು ಓಡುವಾಗ ಅಪ್ಪ ಒಳಗಿನಿಂದ ಕೂಗಲಿಲ್ಲ. ಕೋದಂಡಾ ಎಂದು ಒಂದು ಸಲ ಕೂಗಿದ್ದರೆ ತಿರುಗಿ ಹೋಗುತ್ತಿದ್ದೆ ಎಂದು ಅವನಿಗೆ ಅನಿಸುತ್ತದೆ. ಕೂಗಲಿಲ್ಲ ಎಂದರೆ, ಇವನು ಬರುವ ಪೈಕಿ ಅಲ್ಲ ಎಂದು ಅಪ್ಪನಿಗೆ ಮೊದಲೇ ಗೊತ್ತಿತ್ತೇ?

ಇಷ್ಟೆಲ್ಲ ಇದ್ದೂ ಅವನು ಮಾಡಿದ್ದೇನು? ಬಲಗಡೆಯ ಚೌಕಗಳಿಗೆ ಬಂದಾಗ, ಎತ್ತಿಕೊಂಡ ಮುದುಕ ತಂದೆಯ ಮುಖಕ್ಕೆ ಅವನ ಕೈ ತಾನಾಗಿಯೇ ಅಪ್ಪನ ಮೂಗು ಇಟ್ಟಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹೊತ್ತುಕೊಂಡು ಓಡುವ ದೊಡ್ಡ ಮಗನಿಗೆ, ಕಿರೀಟದ ಕೆಳಗೆ, ಸ್ಕೂಲಿನಿಂದ ತಂದಿದ್ದ ಕನ್ನಡಿ ನೋಡಿಕೊಂಡು, ತನ್ನ ಮುಖವನ್ನೇ ಬರೆದ. ಕೆನ್ನೆಯ ಮಚ್ಚೆಯನ್ನೂ ಬಿಡಲಿಲ್ಲ. ಬರೆಯುವಾಗ ಎಂಥ ಸುಖ ಅಂತೀರಿ, ಹನ್ನೆರಡು ವರ್ಷದಲ್ಲಿ ಅಂಥ ಒಂದು ಮಧ್ಯಾಹ್ನ ಅವನಿಗೆ ಸಿಕ್ಕಿರಲಿಲ್ಲ. ಮಾರನೆಯ ದಿನ ನಾಚಿಕೆಯಾಯಿತು. ಅಳಿಸೋಣ ಎಂದು ಒದ್ದೆ ಬಟ್ಟೆ ತೆಗೆದುಕೊಂಡು ಹೋದವನು ಅಳಿಸದೆ ವಾಪಸು ಬಂದ.

ಜಟಕಾದಲ್ಲಿ ಅಪ್ಪನಿಗೆ ಬಾಯಿ ನಿಲ್ಲಲಿಲ್ಲ. “ಲಂಕೆ ಎಲ್ಲಾ ಬಂಗಾರದ್ದಂತಲ್ಲಾ, ನಾವು ಎಲ್ರೂ ಸೇರಿ ಮೇಲಕ್ಕೆ ತೆಗ್ದಿದ್ದಕ್ಕಿಂತ ಜಾಸ್ತಿ ಇತ್ತಾ?” ಎಂದು ಕೇಳಿದ. ಕುದುರೆಯವನು ನಕ್ಕ. “ಅಷ್ಟು ಬಂಗಾರ ಇದ್ಮೇಲೆ ಅವನ ಊರಾಗೂ ಏರ್‌ಬ್ಲಾಸ್ಟ್ ಆಗಿರ್ಬೇಕು, ಸುಮ್ನೆ ಪಾಪ ಆ ಕೋತಿ ಮೇಲೆ ಆಕವ್ರೆ.” ಮಗ ನಗಲಿಲ್ಲ. ಅಪ್ಪನ ಕೈ ಅವನ ತೊಡೆಯ ಮೇಲಿತ್ತು, ಗಾಡಿ ಕುಲುಕಿದಾಗಲೆಲ್ಲ ಆ ಕೈ ಬಿಗಿ ಹಿಡಿಯುತ್ತಿತ್ತು. ಇಷ್ಟು ಸಲೀಸಾಗಿ ತನ್ನನ್ನು ಹಿಡಿದುಕೊಳ್ಳುತ್ತಾನಲ್ಲ ಈ ಮನುಷ್ಯ ಎಂದು ಅವನು ಮುಖವನ್ನು ರಸ್ತೆಯ ಕಡೆ ತಿರುಗಿಸಿದ. ಅಪ್ಪನ ಮೇಲೆ ಅವನಿಗೆ ಬಹಳ ಪ್ರೀತಿ. ಅಪ್ಪ ಒಂದು ಸಲ ಕೆನ್ನೆಗೆ ಬಾರಿಸಿದ್ದರೆ ಆ ಪ್ರೀತಿಯನ್ನು ನೆಟ್ಟಗೆ ನಿಂತು ಮಾಡಬಹುದಿತ್ತು.

ಗೋಡೌನಿನ ಬಾಗಿಲಿನಲ್ಲಿ ಎರಡು ಎತ್ತಿನ ಗಾಡಿ, ಹತ್ತು ಹನ್ನೆರಡು ಜನ. ಬಚ್ಚಪ್ಪ ತೆಂಗಿನಕಾಯಿ, ಕರ್ಪೂರ ತಂದಿದ್ದ. ಅವನ ತಾಯಿ ಅಮ್ಮಾಜಮ್ಮ ಬಂದಿದ್ದಳು, ಆಂಜನೇಯನ ಪಾರ್ಟು ಮಾಡುವ ಕೊಂಡಪ್ಪ ಬಂದಿದ್ದ. ಕೊಂಡಪ್ಪ ಬಲು ನಿಷ್ಠೆಯವನು, ಆಟ ಹತ್ತಿರ ಬಂತೆಂದರೆ ಬೀಡಿಯನ್ನೂ ಮುಟ್ಟುವುದಿಲ್ಲ. ಕೋದಂಡಪ್ಪ ಅಪ್ಪನನ್ನು ದೂರ, ಎಡಗಡೆ, ಒಂದು ಚೀಲದ ಮೇಲೆ ಕೂರಿಸಿದ. ಅಲ್ಲಿಂದ ಬಲಗಡೆಯ ಕೆಳಭಾಗ ಅಷ್ಟಾಗಿ ಕಾಣುವುದಿಲ್ಲ ಎಂದು ಅವನು ಹಿಂದಿನ ದಿನವೇ ಕುಳಿತು ಅಂದಾಜು ಮಾಡಿಕೊಂಡಿದ್ದ. ಹಗ್ಗ ಎಳೆದರು. ಪರದೆ ತೊಲೆಯವರೆಗೆ ಏರಿ ನಿಂತಿತು. ಇಡೀ ಪರದೆ ಎದ್ದುನಿಂತದ್ದನ್ನು ಕೋದಂಡಪ್ಪನೂ ನೋಡಿದ್ದು ಅದೇ ಮೊದಲು. ಒಂದು ಕ್ಷಣ ಅವನಿಗೆ ಎಲ್ಲ ಮರೆತೇಹೋಯಿತು. ಆಹಾ, ಎಂಥ ಕೆಂಪು!

ಜನ ಕತ್ತೆತ್ತಿ ನೋಡಿದರು. ಬಾಡಿಗೆ ಪರದೆಯಲ್ಲಿ ಕೋರೆಹಲ್ಲಿನ ರಾಕ್ಷಸರು ಬೊಬ್ಬೆ ಹೊಡೆಯುತ್ತಿರುತ್ತಾರೆ, ಇಲ್ಲಿ ಯಾರಿಗೂ ಕೋರೆಹಲ್ಲು ಇರಲಿಲ್ಲ. ಅಮ್ಮಾಜಮ್ಮ ಹತ್ತಿರ ಹೋಗಿ, ಸತ್ತ ತಾಯಿಯ ಪಕ್ಕದ ಕೂಸನ್ನು ನೋಡಿ, “ಅಯ್ಯೋ ನನ್ ಕಂದ” ಎಂದಳು. ಅವಳಿಗೆ ಕಣ್ಣಲ್ಲಿ ನೀರು ಬಂತು. “ಇವ್ರೇನು ತಪ್ಪು ಮಾಡಿದ್ರು? ಅವನ್ಯಾವನೋ ಸೀತಮ್ಮನ್ನ ಒತ್ಕೊಂಡು ಬಂದ್ರೆ ಊರಿನ್ ಮಕ್ಳು ಮರಿ ಸಾಯ್ಬೇಕಾ?” ಎಂದು ಮಗನ ಕಡೆ ತಿರುಗಿದಳು. ರಾವಣ ತಲೆ ತಗ್ಗಿಸಿದ. ಆಮೇಲೆ ಅದೇ ಬಚ್ಚಪ್ಪ ಬಲಗಡೆಗೆ ಬಗ್ಗಿ ನೋಡಿ, ಹಿಂದೆ ಸರಿದು ನೋಡಿ, ಮತ್ತೆ ಬಗ್ಗಿ, “ಈ ಮುದುಕಪ್ಪನ್ನ ಎಲ್ಲೋ ನೋಡಿದ್ದೀನಲ್ಲ... ಅಲೆಲೆಲೆ! ನಮ್ ಕದಿರಪ್ಪಣ್ಣ! ನೋಡ್ರಲಾ ಮೂಗ! ಒತ್ಕೊಂಡಿರೋರು ಯಾರು? ಮಚ್ಚೆ ನೋಡ್ರಿ, ಮೇಷ್ಟ್ರು!” ಎಂದು ಕೂಗಿಬಿಟ್ಟ. ಎಲ್ಲರೂ ನುಗ್ಗಿದರು. ಮೇಷ್ಟ್ರಿಗೆ ಅಪ್ಪ ಅಂದ್ರೆ ಎಂಥ ಭಕ್ತಿ ಎಂದು ಒಬ್ಬ, ಇಂಥ ಮಗನನ್ನು ಹಡೆಯಲು ಪುಣ್ಯ ಮಾಡಿರಬೇಕು ಎಂದು ಇನ್ನೊಬ್ಬ. ಅಮ್ಮಾಜಮ್ಮ ಕೋದಂಡಪ್ಪನ ಕೆನ್ನೆಗೆ ಎರಡೂ ಕೈ ಹಾಕಿ ನೆಟಿಗೆ ಮುರಿದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎಂದು ಇಂಥ ಹೊತ್ತಿನಲ್ಲಿ ಜನ ಸುಮ್ಮನೆ ಅಂದುಕೊಳ್ಳುತ್ತಾರೆ. ಅದು ನಿಜವಾಗಿ ಬಾಯಿಬಿಟ್ಟಾಗ ಓಡಿಹೋದವನು ಏನೆಂದು ಅಂದುಕೊಳ್ಳಬೇಕು? ಅವನು ಅಪ್ಪನ ಕಡೆ ನೋಡಲಿಲ್ಲ. ಚೀಲದ ಮೇಲಿಂದ ಕೆಮ್ಮು ಕೇಳಿಸಿತು, ಅಷ್ಟೇ.

ಅವನನ್ನು ಆ ಹೊಗಳಿಕೆಯಿಂದ ಬಿಡಿಸಿದವನು ಕೊಂಡಪ್ಪ. ಅವನು ಎಲ್ಲರಿಗಿಂತ ಹಿಂದೆ ನಿಂತು, ಪರದೆಯ ಈ ಕೊನೆಯಿಂದ ಆ ಕೊನೆಗೆ ಎರಡು ಸಲ ಕಣ್ಣಾಡಿಸಿ, ಬಹಳ ಮೆಲ್ಲಗೆ ಕೇಳಿದ. “ಮೇಷ್ಟ್ರೇ, ಆಂಜನೇಯಸ್ವಾಮಿ ಎಲ್ಲವ್ರೆ?”

ಕೋದಂಡಪ್ಪ ಪರದೆ ನೋಡಿದ. ಗೋಪುರ ಇತ್ತು, ಕುಂಕುಮ ಇತ್ತು, ಕಿರೀಟ ಇತ್ತು, ಬೆಂಕಿ ಬೇಕಾದಷ್ಟಿತ್ತು. ಬೆಂಕಿ ಇಟ್ಟವನು ಇರಲಿಲ್ಲ. ಚೌಕದಲ್ಲಿ ಇದ್ದದ್ದನ್ನು ಚೌಕಕ್ಕೆ ಇಳಿಸುತ್ತಾ ಹೋಗಿದ್ದ. ರಷ್ಯಾದವನ ಒಂದು ಚೌಕದಲ್ಲೂ ಹನುಮಂತ ಇರಲಿಲ್ಲ. ಮೂರು ತಿಂಗಳು ಲಂಕೆ ಸುಟ್ಟು, ಒಂದು ದಿನವೂ, ಒಂದು ಸಲವೂ, ಬಾಲದ ನೆನಪಾಗಿರಲಿಲ್ಲ! “ಅದು... ಮರೆತೆ” ಎಂದ. “ಮರ್ತ್ರಾ? ಲಂಕೆ ಸುಡೋದ್ರಲ್ಲಿ ಸ್ವಾಮೀನೇ ಮರ್ತ್ರಾ?” ಕೊಂಡಪ್ಪನ ಧ್ವನಿ ಅಳುವ ಹಾಗಾಯಿತು. “ನಾನು ಶನಿವಾರ ಶನಿವಾರ ಉಪ್ಪಿಲ್ದೆ ಉಣ್ತೀನಿ ಸಾಮಿ.” ಬಚ್ಚಪ್ಪನಿಗೆ ನಗು ತಡೆಯಲಾಗಲಿಲ್ಲ, ರಾವಣ ಅಲ್ಲವೇ. ಗಲಾಟೆ ಶುರುವಾಯಿತು. ಆಗ ಯಾರೋ ಎಡಗಡೆಯ ಖಾಲಿ ಸಾಲನ್ನು ತೋರಿಸಿದರು. ಆಳೆತ್ತರದ ಬರಿ ಬಟ್ಟೆ, ಸುತ್ತ ಹೊಗೆ. “ಇಲ್ಲೇ ಜಾಗ ಬುಟ್ಟವ್ರಲ್ಲಾ! ಇಲ್ಲೇ ನಿಲ್ಸಿ ಸ್ವಾಮೀನ, ಗದೆ ಕೊಟ್ಟು.” ಎಲ್ಲರೂ ಒಪ್ಪಿದರು. ಕೋದಂಡಪ್ಪ ತಲೆಯಾಡಿಸಿಬಿಟ್ಟ. ದೇವರೇ ಬಂದು ಆ ಜಾಗ ತುಂಬುತ್ತೇನೆ ಎಂದರೆ ಇದಕ್ಕಿಂತ ದೊಡ್ಡ ಉಪಕಾರ ಉಂಟೇ? ಇನ್ನು ಅಲ್ಲಿ ಯಾರಿದ್ದರು ಎಂದು ಯಾರೂ ಕೇಳುವುದಿಲ್ಲ. ಅವನು ಕುಂಚ ಕೈಗೆ ತೆಗೆದುಕೊಂಡ.

“ಅಲ್ಲಿ ಬೇಡ” ಎಂದ ಕದಿರಪ್ಪ. ಚೀಲದ ಮೇಲಿಂದ ಏಳಲು ಕೋಲು ಊರುತ್ತಿದ್ದ. “ಆಂಜನೇಯಸ್ವಾಮಿ ಗಾಳಿ ಮಗ, ಅವನ್ಯಾಕೆ ನೆಲದ ಮೇಲೆ ಜನದ ಮಧ್ಯೆ ನಿಂತ್ಕೊಂತಾನೆ? ಮೇಲೆ ಆಕು, ಆ ಮಿಂಚಿನ ತಾವ. ಬಾಲ ಉದ್ದಕ್ಕೆ ಬಿಡು. ಕೊಂಡಪ್ಪ, ಎಂಗೆ?” ಕೊಂಡಪ್ಪ ಆಕಾಶ ನೋಡಿದ. ಅವನ ಮುಖ ಅರಳಿತು. “ಎಲ್ರಿಗಿಂತ ಮೇಲೆ” ಎಂದು ತನ್ನಷ್ಟಕ್ಕೆ ಹೇಳಿಕೊಂಡ. “ಮತ್ತೆ ಈ ಜಾಗ?” ಎಂದ ಬಚ್ಚಪ್ಪ. “ಅದು ಇನ್ನೊಬ್ರದ್ದು” ಎಂದ ಮುದುಕ. ಎಲ್ಲರೂ ಏಣಿ ತರಲು ಹೊರಟರು. ಕದಿರಪ್ಪ ಮಗನ ತೋಳು ಹಿಡಿದು, “ಸ್ವಲ್ಪ ಇಂದ್ಗಡೆ ಕರ್ಕೊಂಡೋಗು” ಎಂದ.

ಪರದೆಯ ಹಿಂದೆ ತಂಪಿತ್ತು, ಕಡಲೆಕಾಯಿ ಸಿಪ್ಪೆಯ ಧೂಳಿತ್ತು. ಬಾಗಿಲ ಬಿಸಿಲು ಬಟ್ಟೆಯ ಮೂಲಕ ಬರುತ್ತಿತ್ತು. ಬರೆದ ಜಾಗವೆಲ್ಲ ಮಬ್ಬು, ಬರೆಯದ ಸಾಲು ಮಾತ್ರ ಬೆಳ್ಳಗೆ ಉರಿಯುತ್ತಿತ್ತು. ಅಪ್ಪ ಅದರ ಎದುರಿಗೇ ಕುಳಿತ. “ಪೆಟ್ಟಿಗೆ ಒತ್ಕೊಂಡೋನ್ನ ಯಾಕ್ಲಾ ಬುಟ್ಟೆ?”

ಕೋದಂಡಪ್ಪ ಕುಂಚ ಕೆಳಗಿಟ್ಟ. “ನಿಂಗೆ ಹೆಂಗೆ ಗೊತ್ತು?”

“ನೀನು ಸ್ಕೂಲಿಗೆ ಓದ್ಮೇಲೆ ಆದಿಲಕ್ಷ್ಮಿ ಟ್ರಂಕಿಂದ ಆಳೆ ತೆಗ್ದು ಕೊಡ್ತಿದ್ಲು. ದಿನಾ ನೋಡ್ತಿದ್ದೆ. ಒತ್ತು ಕಳೀಬೇಕಲ್ಲಾ ನಂಗೂ. ಅದ್ರಾಗೆ ನಂಗೆ ಬೇಕಾದೋನು ಅವನೊಬ್ನೇ.”

ಕೋದಂಡಪ್ಪ ನೆಲಕ್ಕೆ ಕುಳಿತುಬಿಟ್ಟ. ಹನ್ನೆರಡು ವರ್ಷ ಒಳಗೆ ಕಟ್ಟಿಕೊಂಡಿದ್ದು ಹೊರಬೀಳುವಾಗ ಇಷ್ಟು ಚಿಕ್ಕದಾಗಿ ಕೇಳಿಸುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. “ಅಪ್ಪ, ಅವನು ನಾನು. ಆವತ್ತು ನಿನ್ನ ಬಿಟ್ಟು ಪೆಟ್ಟಿಗೆ ಎತ್ಕೊಂಡು ಓಡಿದೆ.”

“ನಾನು ಅಲ್ಲೇ ಮಲಗಿದ್ನಲ್ಲಾ, ನಂಗೇ ಏಳ್ತೀಯಾ?”

“ಈ ಕಡೆ ನಿನ್ನ ಹೊತ್ಕೊಂಡಿದ್ದೀನಿ ಅಂತ ಬರ್ದಿದ್ದು ಸುಳ್ಳು.”

“ಅದು ಯಾಕೆ ಸುಳ್ಳು? ಆ ಕಾಲು ಕೂಡೋಗಂಟ ಆರು ತಿಂಗ್ಳು ನನ್ನ ಇತ್ತಿಲ್ಗೆ ಒತ್ಕೊಂಡೋಗಿ ಒತ್ಕೊಂಡ್ ಬಂದೋನು ಯಾರು, ರಷ್ಯಾದೋನಾ?”

ನಗು ಬರಬೇಕಾದ ಕಡೆ ಕೋದಂಡಪ್ಪನಿಗೆ ಅಳು ಬಂತು. ಆಚೆ ಏಣಿ ಎಳೆಯುವ ಸದ್ದು, ಬಾಲ ಎಷ್ಟು ಉದ್ದ ಇರಬೇಕು ಎಂದು ಕೊಂಡಪ್ಪನ ವಾದ. “ನೀನು ಒಂದು ಸಲ ಕೂಗ್ಲಿಲ್ಲ” ಎಂದ ಅವನು. ಮೂವತ್ತೇಳು ವರ್ಷದ ಮೇಷ್ಟ್ರು, ಪುಟ್ಟ ಹುಡುಗನ ಹಾಗೆ ದೂರು ಹೇಳಿದ. “ಒಂದೇ ಒಂದು ಸಲ ಕೂಗಿದ್ರೆ...”

“ಬತ್ತಿದ್ದೆ ನೀನು” ಎಂದ ಅಪ್ಪ. “ಗೊತ್ತಿತ್ತು ಕಣ್ಲಾ. ಮೊದ್ಲು ಒಂದು ಗುದ್ದು, ಇನ್ನೊಂದು ಅದ್ರ ಬೆನ್ನಿಂದೇನೇ ಬತ್ತದೆ, ಒಳ್ಗೆ ಗೇದೋರಿಗೆ ಗೊತ್ತು. ನೀನು ಪೆಟ್ಟಿಗೆ ಎತ್ಕೊಂಡು ಬಾಗ್ಲು ದಾಟಿದ್ದು ನೋಡ್ದೆ. ಸದ್ಯ ಅನ್ಕೊಂಡೆ. ಆದ್ರೆ ಮನುಷ್ಯನ್ ಬಾಯಿ ನೋಡು, ಅದು ಕೇಳ್ಬೇಕಲ್ಲ. ಗೋಡೆ ಸೀಳ್ತಿತ್ತು, ನಂಗೂ ಭಯ ಆಯ್ತು. ಕೋದಂಡ ಅಂತ ನಿನ್ ಎಸ್ರು ಗಂಟ್ಲಿಗೆ ಬಂದೇಬುಡ್ತು. ಎಗಲ್ ಮೇಲಿದ್ ಟವಲ್ಲು ಬಾಯಿಗೆ ತುರುಕ್ಕೊಂಡೆ. ವೆಂಕಟರಾಮಪ್ಪ ಬಂದು ಎತ್ತೋಗಂಟ ತೆಗೀಲಿಲ್ಲ.”

ಕೋದಂಡಪ್ಪ ಅಪ್ಪನ ಗಿಡ್ಡ ಕಾಲಿನ ಮೇಲೆ ಮುಖವಿಟ್ಟು ಅತ್ತ. ಅಪ್ಪ ಒಂದಷ್ಟು ಹೊತ್ತು ತಲೆ ಸವರಿ, ಆಮೇಲೆ ಇಸ್ತ್ರಿಯ ಪಂಚೆ ಒದ್ದೆಯಾಗುತ್ತಿದೆ ಎಂದು ಗೊಣಗಿದ. ಕೋದಂಡಪ್ಪ ಎದ್ದ, ಮುಖ ಒರೆಸಿಕೊಂಡು ಪರದೆಯ ಮುಂದಕ್ಕೆ ಬಂದ. ಅಂಟು ಬಿಸಿಮಾಡಿ ಬಣ್ಣ ಕಲಸಿದ. ಹಾಳೆಯನ್ನು ತೆಗೆಯಲಿಲ್ಲ, ಚೌಕವನ್ನೂ ನೋಡಲಿಲ್ಲ. ಅವನು ಬರೆಯುವುದನ್ನು ಜನ ಬಂದು ಸುತ್ತ ನಿಂತು ನೋಡಿದರು. ತಲೆಯ ಮೇಲೆ ಪೆಟ್ಟಿಗೆ, ಕೆನ್ನೆಯ ಮೇಲೆ ಮಚ್ಚೆ. ರಷ್ಯಾದವನು ತನ್ನನ್ನು ಬರೆದುಕೊಂಡ ಹಾಗೆಯೇ, ಬೀಳುವ ಊರಿನ ಕಡೆ ಮುಖ ತಿರುಗಿಸಿ ನಿಂತ ಹಾಗೆ ಅವನು ಬರೆದ. “ಇವನ್ಯಾರು ಮೇಷ್ಟ್ರೇ?” ಎಂದು ಅಮ್ಮಾಜಮ್ಮ ಕೇಳಿದಳು. “ಅದೂ ನಾನೇ, ಅಮ್ಮ. ಅಪ್ಪನ್ನ ಬಿಟ್ಟು ಓಡ್ತಿದ್ದೀನಿ” ಎಂದ ಕೋದಂಡಪ್ಪ ಎಲ್ಲರಿಗೂ ಕೇಳುವ ಹಾಗೆ. ಕದಿರಪ್ಪ ಕೋಲೂರಿಕೊಂಡು ಹತ್ತಿರ ಬಂದು, ಪರದೆಯವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸಿಡುಕಿದ. “ಇದೇನ್ಲಾ, ನಿಂತವ್ನೆ? ಇಂಗೆ ತಿರುಗಿ ನೋಡ್ಕೊಂಡು ನಿಂತ್ರೆ ಗೋಡೆ ಮೈಮೇಲೆ ಬಿದ್ದೋಗ್ತದೆ. ತಲೆ ಆ ಕಡಿಕ್ ತಿರುಗ್ಸು. ಕಾಲು ಇನ್ನೂ ಅಗಲ ಆಕು. ಓಡ್ಲಿ ಅವನು. ಇನ್ನೂ ಜೋರಾಗಿ ಓಡ್ಲಿ.”